ದೊಡ್ಡವ್ವ ಬೈಯದ ಎಂಟು ದಿನ

ಮೊನ್ನೆ ಹಳೆಯ ಪಾಠದ ಟಿಪ್ಪಣಿಗಳನ್ನು ಹರವಿಕೊಂಡು ಕೂತಿದ್ದಾಗ ಹಾಳೆಗಳ ನಡುವಿನಿಂದ ರಕ್ತಪರೀಕ್ಷೆಯ ಚೀಟಿಯೊಂದು ಜಾರಿ ಬಿತ್ತು. ಮೇಲೆ ನಮ್ಮ ದೊಡ್ಡವ್ವನ ಹೆಸರು: ಗಂಗವ್ವ, ವಯಸ್ಸು ಎಪ್ಪತ್ನಾಲ್ಕು. ಕೆಳಗೆ ಸೋಡಿಯಂ ಎಂಬ ಶಬ್ದದ ಎದುರಿನ ಅಂಕಿಯ ಸುತ್ತ ಯಾರೋ ಕೆಂಪು ಪೆನ್ನಿನಿಂದ ಎರಡು ಸುತ್ತು ಎಳೆದಿದ್ದರು. ಪುಟದ ಗುರುತಿಗೆಂದು ಅದನ್ನು ಅಲ್ಲಿಟ್ಟವನು ನಾನೇ ಇರಬೇಕು. ಕೈಗೆ ಸಿಕ್ಕ ಕಾಗದವನ್ನೆಲ್ಲ ಪುಸ್ತಕದಲ್ಲಿ ಸಿಕ್ಕಿಸಿಡುವುದು ನನ್ನ ಹಳೆಯ ಚಾಳಿ. ಬಸ್ಸಿನ ಟಿಕೀಟು, ಲಗ್ನಪತ್ರಿಕೆಯ ತುಂಡು, ಒಮ್ಮೆ ತರ್ಕಶಾಸ್ತ್ರದ ಪುಸ್ತಕದೊಳಗೆ ಅರ್ಧ ಹಪ್ಪಳವೂ ಸಿಕ್ಕು ಹೆಂಡತಿಯಿಂದ ಮಂಗಳಾರತಿ ಆಗಿತ್ತು. ಆದರೆ ಈ ಚೀಟಿ ಇದ್ದದ್ದು ಮಾತ್ರ ಸರಿಯಾದ ಪುಟದಲ್ಲಿ. ಆ ಪುಟದ ತಲೆಬರಹ ‘ಸೂಪರ್‌ವೀನಿಯನ್ಸ್’ ಎಂದಿತ್ತು.

ಹೆದರಬೇಡಿ. ನನ್ನ ವಿದ್ಯಾರ್ಥಿಗಳೂ ಮೊದಲ ದಿನ ಹೆದರುತ್ತಾರೆ, ಎರಡನೆಯ ದಿನ ಬರುವುದಿಲ್ಲ. ಹಾನಗಲ್ಲಿನ ಕಾಲೇಜೊಂದರಲ್ಲಿ ನಾನು ತತ್ವಶಾಸ್ತ್ರ ಕಲಿಸುತ್ತೇನೆ. ಊರಲ್ಲಿ ಹೊಸಬರಿಗೆ ಹಾಗೆಂದು ಹೇಳಿಕೊಂಡರೆ ಕೆಲವರು ತಟ್ಟನೆ ಅಂಗೈ ಮುಂದೆ ಚಾಚಿ, “ನಮ್ಮ ಹುಡುಗಿ ಲಗ್ನ ಯಾವಾಗ ಕೂಡ್ತೈತಿ ನೋಡ್ರಿ” ಎನ್ನುತ್ತಾರೆ. ಮೊದಮೊದಲು ತಿದ್ದಿ ಹೇಳುತ್ತಿದ್ದೆ. ಈಗ ಅಂಗೈ ನೋಡಿ, “ಬರೂ ವರ್ಷದಾಗ ಆಗಬಹುದ್ರಿ” ಎಂದು ಕಳಿಸುತ್ತೇನೆ. ತತ್ವಶಾಸ್ತ್ರದಿಂದ ಯಾರಿಗಾದರೂ ಅಷ್ಟಾದರೂ ಸಮಾಧಾನ ಸಿಗಲಿ.

ಸೂಪರ್‌ವೀನಿಯನ್ಸ್ ಎನ್ನುವುದು ಈಚಿನ ತತ್ವಶಾಸ್ತ್ರಜ್ಞರು ತುಂಬ ಹಚ್ಚಿಕೊಂಡಿರುವ ಪರಿಕಲ್ಪನೆ. ಶಬ್ದ ದೊಡ್ಡದು, ಅರ್ಥ ಸಣ್ಣದು. ಒಂದು ಸಂಗತಿ ಇನ್ನೊಂದರ ಮೇಲೆ ಎಷ್ಟು ಬಿಗಿಯಾಗಿ ಕೂತಿರುತ್ತದೆಂದರೆ, ಕೆಳಗಿನದರಲ್ಲಿ ಏನಾದರೂ ಬದಲಾಗದ ಹೊರತು ಮೇಲಿನದರಲ್ಲಿ ಏನೂ ಬದಲಾಗುವಂತಿಲ್ಲ. ತರಗತಿಯಲ್ಲಿ ನಾನು ರಂಗೋಲಿಯ ಉದಾಹರಣೆ ಕೊಡುತ್ತಿದ್ದೆ. ಎರಡು ಅಂಗಳಗಳಲ್ಲಿ ರಂಗೋಲಿಯ ಪುಡಿಯ ಒಂದೊಂದು ಕಣವೂ ಅದದೇ ಜಾಗದಲ್ಲಿ ಬಿದ್ದಿದ್ದರೆ, ಒಂದು ಅಂಗಳದಲ್ಲಿ ನವಿಲು, ಇನ್ನೊಂದರಲ್ಲಿ ಕೋಳಿ ಆಗಲು ಸಾಧ್ಯವಿಲ್ಲ. ನವಿಲು ಕೋಳಿಯಾಗಬೇಕಾದರೆ ಎಲ್ಲೋ ಒಂದಿಷ್ಟು ಪುಡಿ ಅತ್ತಿತ್ತ ಸರಿಯಲೇಬೇಕು. ಇಷ್ಟು ಹೇಳಿ ಬೀಗುತ್ತಿದ್ದಾಗ ಹಿರೇಕೆರೂರು ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಚುಕ್ಕಿ ಒಂದ ನಮೂನಿ ಇಟ್ರೂ ನಮ್ಮಕ್ಕಗ ನವಲ ಬರ್ತೈತ್ರಿ, ನನಗ ಕೋಳಿನ ಆಗ್ತೈತ್ರಿ” ಎಂದಳು. ಎಳೆಗಳೂ ಪುಡಿಯೇ ಅಲ್ಲವೇ ತಾಯಿ ಎಂದು ನಾನು ವಿವರಿಸಿದೆ. ಅವಳು ಕುಳಿತಳು. ಒಪ್ಪಿದ ಮುಖವೇನೂ ಇರಲಿಲ್ಲ.

ಇದಕ್ಕೊಂದು ಕನ್ನಡ ಶಬ್ದ ಹುಡುಕಲು ನಾನು ಪಟ್ಟ ಪಾಡು ಬೇರೆ. ‘ಅಧ್ಯಾಶ್ರಯ’ ಎಂದರೆ ಮಕ್ಕಳು ಅಧ್ಯಾಯ ಎಂದು ಓದಿದರು. ‘ಮೇಲವಲಂಬನೆ’ ಎಂದರೆ ಬಾಯಲ್ಲೇ ಮುರಿದುಕೊಂಡಿತು. ಕಡೆಗೆ ಇಂಗ್ಲಿಷ್ ಶಬ್ದವನ್ನೇ ಇಟ್ಟುಕೊಂಡೆ. ಆ ವರ್ಷದ ಉತ್ತರಪತ್ರಿಕೆಯೊಂದರಲ್ಲಿ ಒಬ್ಬ ಮಹಾಶಯ ಉದ್ದಕ್ಕೂ ‘ಸೂಪರ್ ವಿನಯ’ ಎಂದು ಬರೆದಿದ್ದ. “ಸೂಪರ್ ವಿನಯವು ಮನುಷ್ಯನಿಗೆ ಬಹಳ ಅವಶ್ಯವಾಗಿದೆ” ಎಂದು ಅವನ ಪ್ರಬಂಧ ಮುಗಿದಿತ್ತು. ನಕ್ಕು ನಕ್ಕು ಅದನ್ನು ಮನೆಯವರಿಗೆಲ್ಲ ಓದಿ ಹೇಳಿದ್ದೆ. ಅದಾದ ಕೆಲವೇ ತಿಂಗಳಿಗೆ ನಮ್ಮ ಮನೆತನದಲ್ಲೇ ಒಬ್ಬರಿಗೆ ಸೂಪರ್ ವಿನಯ ಬಂತು. ಆಗ ನಗು ಬರಲಿಲ್ಲ.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಸವಣೂರಿನಲ್ಲಿ ವೀಳ್ಯದೆಲೆಯ ತೋಟದವರ ಮನೆಗೆ ಕೊಟ್ಟದ್ದು. ಚಿಕ್ಕಂದಿನಲ್ಲಿ ಬೇಸಿಗೆಯ ಸೂಟಿ ಎಂದರೆ ನನಗೆ ಸವಣೂರು. ಸವಣೂರು ಎಂದರೆ ದೊಡ್ಡವ್ವನ ಬೈಗಳು. ಎದ್ದರೆ ಯಾಕೆ ಎದ್ದೆ, ಮಲಗಿದರೆ ಯಾಕೆ ಮಲಗಿದೆ. ಎಮ್ಮೆಗೂ ಬೈಗಳು, ಮಳೆಗೂ ಬೈಗಳು, ಬಾಗಿಲಿಗೆ ಬಂದ ಬಳೆಗಾರನಿಗೂ ಬೈಗಳು. ಎಲೆಯ ಪೆಂಡಿ ಕಟ್ಟುತ್ತಾ ಅವಳು ಬೈಯುವಾಗ ಎಲೆ ಎಣಿಕೆಯೂ ತಪ್ಪುತ್ತಿರಲಿಲ್ಲ, ಬೈಗಳ ಓಟವೂ ತಪ್ಪುತ್ತಿರಲಿಲ್ಲ. ಆದರೆ ಆ ಬೈಗಳಿಗೊಂದು ನ್ಯಾಯವಿತ್ತು. ಒಂದು ಸಲ ನಾನು ಮತ್ತು ಅವಳ ಮಗ ಬಸು ಉಪ್ಪಿನಕಾಯಿ ಕದಿಯಲು ಅಟ್ಟದ ಮೇಲೆ ಹೋಗಿ ತಲೆಗೊಂದರಂತೆ ಎರಡು ಭರಣಿ ಒಡೆದೆವು. ಬಸು ನನಗಿಂತ ಒಂದು ವರ್ಷ ಚಿಕ್ಕವನು. ಅವನ ಸರದಿ ಮುಗಿದು ದೊಡ್ಡವ್ವ ನನ್ನ ಕಡೆ ತಿರುಗಿದಾಗ ಅಲ್ಲೇ ಇದ್ದ ನಮ್ಮಜ್ಜಿ, “ಸೂಟಿಗೆ ಬಂದ ಕೂಸು, ಅವನ್ನ ಬಿಡ ಗಂಗಾ” ಎಂದಳು. ದೊಡ್ಡವ್ವ ಒಪ್ಪಲಿಲ್ಲ. “ಅವಾ ಒಡದದ್ದೂ ಭರಣಿ, ಇವಾ ಒಡದದ್ದೂ ಭರಣಿ. ಇಬ್ರೂ ಮಾಡಿದ್ದು ಒಂದ ಅಂದಮ್ಯಾಲೆ ಒಬ್ಬಾವ ಕೆಟ್ಟಾವ, ಒಬ್ಬಾವ ಚಲೋದಾವ ಹ್ಯಾಂಗ ಆಗ್ತಾನ?” ಎಂದು ಬಸುವಿಗೆ ಬೈದದ್ದನ್ನೇ ಮೊದಲಿಂದ ಕಡೆಯವರೆಗೆ ಒಂದಕ್ಷರ ಬಿಡದೆ ನನಗೂ ಬೈದಳು. ಎರಡು ಕೃತ್ಯಗಳು ಎಲ್ಲ ರೀತಿಯಲ್ಲೂ ಒಂದೇ ಆಗಿದ್ದರೆ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಆಗಲಾರದು. ಇದೇ ಮಾತನ್ನು ಮುಂದೆ ಎಂ.ಎ. ತರಗತಿಯಲ್ಲಿ ಪ್ರಾಧ್ಯಾಪಕರು ಬಹಳ ಗಂಭೀರವಾಗಿ ಹೇಳಿದಾಗ ನನಗೆ ಉಪ್ಪಿನಕಾಯಿಯ ವಾಸನೆ ಬಂದಿತ್ತು.

ಇಂಥ ದೊಡ್ಡವ್ವ ಹನ್ನೊಂದು ವರ್ಷ ಒಬ್ಬರಿಗೆ ಮಾತ್ರ ಬೈದಿರಲಿಲ್ಲ. ಅವರು ಅವಳ ಒಡಹುಟ್ಟಿದ ತಂಗಿ, ನನ್ನ ಅವ್ವ ನೀಲವ್ವ. ಬೈಯುವುದಿರಲಿ, ಮಾತೇ ಇರಲಿಲ್ಲ.

ಕಾರಣ ನಮ್ಮಜ್ಜಿಯ ಸಾವು. ಅಕ್ಕತಂಗಿಯರ ತವರು ಯಲವಿಗಿ. ಅಜ್ಜಿ ಹಾಸಿಗೆ ಹಿಡಿದಾಗ ಅವ್ವನೇ ಹೋಗಿ ಒಂಬತ್ತು ತಿಂಗಳು ಅಲ್ಲಿದ್ದು ನೋಡಿಕೊಂಡಳು. ಸವಣೂರಿನಿಂದ ಯಲವಿಗಿಗೆ ಬಸ್ಸಿನಲ್ಲಿ ಅರ್ಧ ತಾಸು. ದೊಡ್ಡವ್ವ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಕೊನೆಯ ದಿನ ಬೆಳಗಿನಿಂದಲೇ ಅಜ್ಜಿಯ ಉಸಿರು ಬದಲಾಗಿತ್ತಂತೆ. ಮಧ್ಯಾಹ್ನ ಮೂರಕ್ಕೆ ಅಜ್ಜಿ ತೀರಿಕೊಂಡಳು. ದೊಡ್ಡವ್ವನಿಗೆ ಸುದ್ದಿ ಮುಟ್ಟಿದ್ದು ಆಮೇಲೆ. ಬಂದವಳು ಅಜ್ಜಿಯ ಕೈ ಮುಟ್ಟಿ ನೋಡಿ, “ತಣ್ಣಗ ಆಗೇತಿ” ಎಂದಳು. ತಂಗಿಯ ಕಡೆ ತಿರುಗಿ, “ಅರ್ಧ ತಾಸಿನ ಹಾದಿ ಇತ್ತು ನನಗ” ಎಂದಳು. ಅವ್ವ, “ಫೋನ್ ಹತ್ತಲಿಲ್ಲಕ್ಕಾ” ಎಂದಳು. ಅಲ್ಲಿಗೆ ಮುಗಿಯಿತು. ಮದುವೆ ಮುಂಜಿಗಳಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದುಂಟು, ನಡುವೆ ನಾಲ್ಕು ಎಲೆ ಬಿಟ್ಟು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವ್ವ ನಮ್ಮ ಹಾನಗಲ್ಲಿನ ಮನೆಯ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಾಗ ಅವಳ ಫೋನು ರಿಂಗಾಯಿತು.

“ನೀಲಾ, ನಾಷ್ಟಾ ಆತೇನವಾ?”

ಆ ಕಡೆಯ ದನಿ ಕೇಳಿ ಅವ್ವ ಕೂತಲ್ಲೇ ಇನ್ನೊಮ್ಮೆ ಕೂತಳು. “ಅಕ್ಕಾ?” ಎಂದಳು. ಆ ಕಡೆಯಿಂದ ದೊಡ್ಡವ್ವ ತಂಪಾಗಿ ಹೇಳುತ್ತಿದ್ದಳು: “ಬಂದ ಹೋಗವಾ. ಭಾಳ ದಿನಾ ಆತು ನಿನ್ನ ಮಾರಿ ನೋಡಿ.”

ಮರುದಿನವೇ ಅವ್ವನನ್ನು ಕೂರಿಸಿಕೊಂಡು ಬಂಕಾಪುರದ ಮೇಲೆ ಹಾಯ್ದು ಸವಣೂರಿಗೆ ಹೋದೆ. ಇಡೀ ದಾರಿ ಅವ್ವ ಸೆರಗು ಸುತ್ತುವುದು, ಬಿಚ್ಚುವುದು. ಬಾಗಿಲಲ್ಲಿ ದೊಡ್ಡವ್ವ ನಗುತ್ತ ನಿಂತಿದ್ದಳು. ನನ್ನ ಗಲ್ಲ ಸವರಿ, “ಎಷ್ಟ ಜಾಣ ಅದಿಯಪಾ ನೀ” ಎಂದಳು. ನನಗೆ ಐವತ್ತು ದಾಟಿದೆ. ಆ ಐವತ್ತು ವರ್ಷದಲ್ಲಿ ಅವಳು ನನ್ನನ್ನು ಖೋಡಿ, ಎಬಡ, ಮಂಗ್ಯಾ ಎಂದದ್ದುಂಟು. ಜಾಣ ಎಂದದ್ದು ಅದೇ ಮೊದಲು. ನನಗಂತೂ ಭಾರಿ ಖುಷಿಯಾಯಿತು. ಸೊಸೆ ಗಿರಿಜಾ, ಅಂದರೆ ಬಸುವಿನ ಹೆಂಡತಿ, ಬಡಿಸುತ್ತಿದ್ದಾಗ ದೊಡ್ಡವ್ವ ನಮ್ಮೆದುರಿಗೇ, “ಗಿರಿಜಾನ ಕೈ ಅಂದ್ರ ಬಂಗಾರದ ಕೈ” ಎಂದಳು. ಗಿರಿಜಾಳ ಕೈಯಿಂದ ಸೌಟು ಜಾರಿ ಸಾರಿನ ಪಾತ್ರೆಯೊಳಗೆ ಬಿತ್ತು.

ಊಟದ ಮೇಲೆ ಪಡಸಾಲೆಯಲ್ಲಿ ಅಕ್ಕತಂಗಿ ಎದುರುಬದುರು ಕೂತರು. ನಾನು ತೂಕಡಿಸುತ್ತಿದ್ದೆ. ಅವ್ವ ಒಮ್ಮೆಲೇ ಹೇಳಿದಳು: “ಅಕ್ಕಾ, ಅವತ್ತ ಫೋನ್ ಹತ್ತಲಿಲ್ಲ ಅಂದಿದ್ದು ಸುಳ್ಳ. ನಾ ಮಾಡಿರ್ಲೇ ಇಲ್ಲ.”

ನನ್ನ ತೂಕಡಿಕೆ ಹಾರಿಹೋಯಿತು. ಹನ್ನೊಂದು ವರ್ಷ ನಾನೂ ಆ ಫೋನಿನ ಕತೆಯನ್ನು ನಂಬಿದ್ದೆ. ನೆಂಟರ ಎದುರು ಅವ್ವನ ಪರವಾಗಿ ವಾದಿಸಿದ್ದೆ ಕೂಡ. ದೊಡ್ಡವ್ವ ಏನು ಅನ್ನುತ್ತಾಳೋ ಎಂದು ಕಾದೆ. ಅವಳು ಅವ್ವನ ತಲೆ ನೇವರಿಸಿ, “ಹೋಗ್ಲಿ ಬಿಡವಾ, ಅದರಾಗೇನೈತಿ” ಎಂದಳು. ಅವ್ವ ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ನನ್ನ ಕಣ್ಣೂ ತೇವವಾಯಿತು.

ಕೈ ತೊಳೆಯುವ ನೆಪ ಮಾಡಿ ಹಿತ್ತಿಲಿಗೆ ಹೋದಾಗ ಗಿರಿಜಾ ಹಿಂದೆಯೇ ಬಂದಳು.

“ಭಾವಾರ, ಅತ್ತಿಯವ್ರನ್ನ ಡಾಕ್ಟರ್ ಕಡೆ ಕರ್ಕೊಂಡು ಹೋಗೂಣ್ರಿ.”

“ಯಾಕವಾ, ಏನಾಗೈತಿ?”

“ಎಂಟು ದಿನಾ ಆತ್ರಿ, ನನ್ನ ಬೈದಿಲ್ಲ.”

ನಾನು ನಕ್ಕೆ. “ಚಲೋನ ಆತಲ್ಲ. ವಯಸ್ಸಾದಂಗ ಮನುಷ್ಯಾ ಮಾಗ್ತಾನ ಗಿರಿಜಾ,” ಎಂದು ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು:

“ಮಾಗೂದು ಹಿಂಗ ಒಂದ ದಿನದಾಗ ಆಗಂಗಿಲ್ರಿ. ಇಪ್ಪತ್ತೆರಡು ವರ್ಷ ಅವ್ರ ಬೈಗಳಾ ತಿಂದೇನಿ, ನನಗ ಗೊತ್ತೈತಿ. ಒಳಗ ಏನೂ ಆಗದ ಹೊರಗ ಇಷ್ಟ ಬ್ಯಾರೆ ಆಗಾಕ ಸಾಧ್ಯಿಲ್ರಿ. ನಿಮ್ಮ ತಮ್ಮಗ ಹೇಳಿದ್ರ, ಎಂಟು ದಿನಾ ಆರಾಮ ಅದಿ, ಸುಮ್ಮನಿರು ಅಂತಾರ.”

ಹದಿನಾರು ವರ್ಷದಿಂದ ನಾನು ಪಾಠ ಮಾಡುತ್ತಿದ್ದ ಮಾತು ಅದು. ಮೇಲೆ ಬದಲಾವಣೆ ಕಂಡರೆ ಕೆಳಗೆ ಬದಲಾವಣೆ ಇರಲೇಬೇಕು. ಮನಸ್ಸು ಮೈಯನ್ನು ಬಿಟ್ಟು ತಾನೊಂದೇ ಸರಿದಾಡುವುದಿಲ್ಲ. ಅದನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ಒಬ್ಬರು ನನ್ನ ಗಲ್ಲ ಸವರಿ ಜಾಣ ಎಂದದ್ದೇ ಸಾಕು, ಶಾಸ್ತ್ರವೆಲ್ಲ ಮರೆತುಹೋಗಿತ್ತು. ಆದರೂ ಸೋಲೊಪ್ಪಿಕೊಳ್ಳಲು ಮನಸ್ಸಿಲ್ಲದೆ, “ನೋಡೂಣು ತಡಿ” ಎಂದು ಒಳಗೆ ಬಂದೆ. ದೊಡ್ಡವ್ವ ಅದೇ ನಗುಮುಖದಿಂದ ನನ್ನನ್ನು ಕೇಳಿದಳು: “ನಿಮ್ಮಪ್ಪ ಎಲ್ಲಿ? ಗಾಡಿ ಬಿಡಾಕತ್ತಾನೇನು?”

ನನ್ನ ಅಪ್ಪ ತೀರಿ ಇಪ್ಪತ್ತು ವರ್ಷವಾಗಿತ್ತು.

ಸವಣೂರಿನಲ್ಲೇ ಒಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಇನ್ನೂ ಚಿಕ್ಕ ವಯಸ್ಸಿನವರು. ಪೆನ್ನು ತೆಗೆದು, “ಏನ್ ತೊಂದ್ರಿ ಐತ್ರಿ?” ಎಂದರು.

ಬಸು ತಲೆ ತಗ್ಗಿಸಿದ. ಗಿರಿಜಾ ಹೇಳಿದಳು: “ಬೈಯೂದ ಬಿಟ್ಟಾರ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ನಗುತ್ತಾರೆಂದುಕೊಂಡೆ, ನಗಲಿಲ್ಲ. “ಎಷ್ಟು ದಿನದಿಂದ?” ಎಂದು ಕೇಳಿದರು. ಬಿ.ಪಿ. ಗುಳಿಗೆ ತಗೊಳ್ಳುತ್ತಾರೇನು ಎಂದರು. ತೆಗೆದುಕೊಳ್ಳುತ್ತಿದ್ದಳು. ಉಪ್ಪು? ಅದನ್ನೂ ಗಿರಿಜಾಳೇ ಹೇಳಿದಳು. ಉಪ್ಪು ಕಡಿಮೆ ಮಾಡಿರಿ ಎಂದು ಒಂದೂವರೆ ತಿಂಗಳ ಹಿಂದೆ ಯಾರೋ ಹೇಳಿದ್ದೇ ತಡ, ದೊಡ್ಡವ್ವ ಉಪ್ಪನ್ನು ಪೂರ್ತಿ ಬಿಟ್ಟಿದ್ದಳು. ಯಾವುದನ್ನೂ ಅರ್ಧಕ್ಕೆ ಮಾಡುವ ಹೆಂಗಸೇ ಅಲ್ಲ ಅವಳು. ಮೇಲೆ ಬೇಸಿಗೆಯ ಬೆವರು, ತಂಬಿಗೆಗಟ್ಟಲೆ ನೀರು. ಗುಳಿಗೆಯೂ ಮೈಯ ಉಪ್ಪನ್ನು ಹೊರಹಾಕುವ ಜಾತಿಯದು. ಸಂಜೆಯೊಳಗೆ ರಕ್ತದ ವರದಿ ಬಂತು. ಸೋಡಿಯಂ, ಅಂದರೆ ರಕ್ತದ ಉಪ್ಪು, ತೀರ ಇಳಿದು ಮೆದುಳಿಗೆ ಮಂಕು ಕವಿದಿತ್ತು; ಕೆಂಪು ಪೆನ್ನಿನ ಎರಡು ಸುತ್ತು ಬಿದ್ದವು. “ಇವತ್ತ ಹಾವೇರಿಗೆ ಕರ್ಕೊಂಡು ಹೋಗ್ರಿ. ಇನ್ನೆರಡು ದಿನ ತಡಾ ಮಾಡಿದ್ರ ಫಿಟ್ಸ್ ಬರ್ತಿತ್ತು,” ಎಂದರು. ಗಿರಿಜಾಳ ಕಡೆ ನೋಡಿ, “ಹೆಂಗ ಗುರ್ತ ಹಿಡದ್ರಿ?” ಎಂದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತತ್ವಶಾಸ್ತ್ರಜ್ಞನಾದ ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತಿದ್ದೆ.

ಹಾವೇರಿಯ ದವಾಖಾನೆಯಲ್ಲಿ ಉಪ್ಪನ್ನು ಹನಿಹನಿಯಾಗಿ ಏರಿಸಿದರು. ಬೇಗ ಏರಿಸಿದರೆ ಮೆದುಳಿಗೆ ಅಪಾಯವಂತೆ. ಮೊದಲ ದಿನ ದೊಡ್ಡವ್ವ ಎಲ್ಲರನ್ನೂ ನೋಡಿ ನಗುತ್ತಿದ್ದಳು. ಎರಡನೆಯ ದಿನ ನಗು ಕಡಿಮೆಯಾಯಿತು, ಹುಬ್ಬು ಗಂಟಾಗತೊಡಗಿತು. ಮೂರನೆಯ ಬೆಳಿಗ್ಗೆ ನರ್ಸಮ್ಮ ಸೂಜಿ ಹಾಕಲು ಬಂದಾಗ, “ಸೂಜಿ ಚುಚ್ಚಾಕತ್ತೀಯೋ, ಗ್ವಾಡಿಗೆ ಮೊಳಿ ಹೊಡ್ಯಾಕತ್ತೀಯೋ?” ಎಂಬ ಗುಡುಗು ವಾರ್ಡಿನಾಚೆಗೂ ಕೇಳಿಸಿತು. ಗಿರಿಜಾ ಓಡಿಹೋಗಿ ಅತ್ತೆಯ ಕೈ ಹಿಡಿದು ಅಳತೊಡಗಿದಳು.

“ಯಾಕ ಅಳ್ತಿ ಖೋಡಿ? ನಾ ಇನ್ನೂ ಸತ್ತಿಲ್ಲ. ಮೊದಲ ಆ ತಲಿ ಬಾಚ್ಕೊ, ದೆವ್ವಿನಂಗ ಕಾಣಾಕತ್ತಿ.”

“ಹೂಂನ್ರಿ ಅತ್ತಿ,” ಎಂದು ಗಿರಿಜಾ ಇನ್ನೂ ಜೋರಾಗಿ ಅತ್ತಳು.

ನಾವೆಲ್ಲ ನಗುತ್ತಿದ್ದೆವು. ಆಗ ದೊಡ್ಡವ್ವನ ಕಣ್ಣು ಮಂಚದ ಕಾಲ ಕಡೆ ನಿಂತಿದ್ದ ಅವ್ವನ ಮೇಲೆ ಬಿತ್ತು. ಮುಖ ಬಿಗಿಯಾಯಿತು. ಅವ್ವನನ್ನು ಮಾತಾಡಿಸಲಿಲ್ಲ, ಗಿರಿಜಾಳ ಕಡೆ ತಿರುಗಿ ಕೇಳಿದಳು: “ಇಕಿ ಯಾಕ ಬಂದಾಳ?”

ಅವ್ವ ಸದ್ದಿಲ್ಲದೆ ಹೊರಗೆ ಹೋದಳು.

ನಾನು ಹೋದಾಗ ಅವಳು ಓಣಿಯಂಥ ಆ ಉದ್ದ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಎದುರಿನ ಕಿಟಕಿಯಿಂದ ಬಿಸಿಲು ಅವಳ ಕಾಲ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಕೂತೆ. ಅವಳೇ ಕೇಳಿದಳು:

“ನೀ ಇಂಥಾದ್ದನ್ನ ಕಲಸಾಂವ ಅಲ್ಲೇನ? ಒಂದು ಹೇಳು. ನನ್ನ ಮಾಫ್ ಮಾಡಿದ್ದು ನಮ್ಮಕ್ಕನೋ, ಉಪ್ಪು ಕಡಿಮಿ ಆಗಿದ್ದೋ?”

ಇಂಥ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. “ಅವ್ವಾ, ಮನಸ್ಸು ಯಾವಾಗಲೂ ಮೈ ಮ್ಯಾಲ ಕುಂತಿರ್ತೈತಿ. ಉಪ್ಪು ಕಡಿಮಿ ಇದ್ದಾಗ ಮಾಫ್ ಮಾಡಿದ್ದು ಉಪ್ಪಿನ ಕೆಲಸ ಅಂದ್ರ, ಉಪ್ಪು ಸರಿ ಇದ್ದಾಗ ಹನ್ನೊಂದು ವರ್ಷ ಸಿಟ್ಟ ಹಿಡಿದಿದ್ದೂ ಉಪ್ಪಿನ ಕೆಲಸನ ಆತು. ಹಂಗಾರ ಅಕಿ ಸಿಟ್ಟೂ ಅಕೀದಲ್ಲ,” ಎಂದೆ. ನನಗೇ ಮೆಚ್ಚುಗೆಯಾಯಿತು. ಇದನ್ನು ಎಲ್ಲಾದರೂ ಬರೆದಿಡಬೇಕು ಅನ್ನಿಸಿತು.

ಅವ್ವ ನನ್ನ ಮುಖ ನೋಡಿದಳು. “ಇದನ್ನ ತಗೊಂಡು ನಾ ಏನ್ ಮಾಡ್ಲಿ?”

ಹೋಗಿ ಚಹಾ ತಂದುಕೊಟ್ಟೆ.

ಅಷ್ಟರಲ್ಲಿ ಒಳಗೆ ಬಸು ತನ್ನ ತಾಯಿಯ ಜೊತೆ ಮಾತಾಡಿ ಬಂದಿದ್ದ. ಎಂಟು ದಿನಗಳಲ್ಲಿ ನಡೆದ ಒಂದೂ ದೊಡ್ಡವ್ವನಿಗೆ ನೆನಪಿರಲಿಲ್ಲ. ಫೋನು ಮಾಡಿದ್ದು, ತಂಗಿಯನ್ನು ಕರೆಸಿದ್ದು, ತಲೆ ನೇವರಿಸಿದ್ದು, ಯಾವುದೂ ಇಲ್ಲ. ನೆನಪು ತಿರುಗಿ ಬರಲಿಕ್ಕಿಲ್ಲ ಎಂದು ಡಾಕ್ಟರೂ ಹೇಳಿದ್ದರು. ಬಸು ಆದದ್ದನ್ನು ಹೇಳಿ, “ಅವ್ವಾ, ನೀನ ರಾಜಿ ಆಗಿದಿ, ಕರೆದು ಊಟಕ್ಕ ಹಾಕಿದಿ” ಎಂದನಂತೆ. ದೊಡ್ಡವ್ವ ಬಹಳ ಹೊತ್ತು ಯೋಚಿಸಿದಳಂತೆ. ಆಮೇಲೆ, “ನನ್ನ ಬಾಯಿಂದ ಮಾತ ಬಂದಿದ್ರ ಬಂತು. ಗಂಗವ್ವ ಆಡಿದ ಮಾತ ತಿರುಗಿ ತಗೊಳ್ಳಾಕಿ ಅಲ್ಲ. ಒಳಗ ಬರಾಕ ಹೇಳು” ಎಂದಳಂತೆ.

ಬಸು ಇದನ್ನು ದೊಡ್ಡ ಗೆಲುವಿನಂತೆ ಬಂದು ಹೇಳಿದ. “ಮುಗೀತು ಚಿಗವ್ವಾ, ನಡೀರಿ.”

ಅವ್ವ ಒಳಗೆ ಹೋದಳು. ದೊಡ್ಡವ್ವ, “ಕುಂದ್ರು” ಎಂದಳು. ಅವ್ವ ಕೂತಳು. ಇಬ್ಬರೂ ಮಳೆ ಯಾವಾಗ ಬಂದೀತು ಎಂದು ಎರಡು ಮಾತಾಡಿದರು. ದೊಡ್ಡವ್ವ ಸೊಸೆಗೆ, ಮಗನಿಗೆ, ನರ್ಸಮ್ಮನಿಗೆ, ಫ್ಯಾನಿಗೆ, ನನಗೆ, ಎಲ್ಲರಿಗೂ ಬೈದಳು. ಅವ್ವನಿಗೆ ಬೈಯಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಹಾನಗಲ್ಲಿಗೆ ಮರಳಿದ ಮೇಲೆ ನಾನೂ ಅವ್ವನಿಗೆ ಅದನ್ನೇ ಹೇಳಿದೆ. ಅವಳಿಗೆ ನೆನಪಿಲ್ಲ, ನೀನು ಹೇಳಿದ್ದನ್ನು ಕೇಳಿದವನು ನಾನೊಬ್ಬನೇ, ನಾನಂತೂ ಬಾಯಿ ಬಿಡುವುದಿಲ್ಲ. ಮಾತು ಕೂಡಿದೆಯಲ್ಲ, ಇನ್ನೇನು ಬೇಕು? ಅವ್ವ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಒಂದು ಬೆಳಿಗ್ಗೆ ಸೀರೆ ಬದಲಿಸಿ ಬಂದು ನಿಂತಳು.

“ಸವಣೂರಿಗೆ ಕರ್ಕೊಂಡು ನಡಿ.”

“ಯಾಕವ್ವಾ?”

“ಯಾವದನ್ನ ಮಾಫ್ ಮಾಡೇನಿ ಅಂತನ ಗೊತ್ತಿಲ್ಲ ಅಕಿಗೆ. ಅದ ಹ್ಯಾಂಗ ಮಾಫ್ ಆಗ್ತೈತಿ? ಮೊದಲ ಒಂದ ಸಲ ಅವ್ವನ ಕಡೀ ಗಳಿಗಿ ಕಸಗೊಂಡೇನಿ ಅಕಿ ಕಡಿಂದ. ಈಗ ಇದನ್ನೂ ಕಸಗೊಂಡಂಗ ಆಗೇತಿ.”

ಕೆಳಗೆ ಏನೂ ಇಲ್ಲದೆ ಮೇಲೆ ಯಾವುದೂ ನಿಲ್ಲುವುದಿಲ್ಲ ಎಂಬ ನನ್ನ ಪಾಠವನ್ನು ಎರಡನೆಯ ಸಲ ಮನೆಯ ಹೆಂಗಸರಿಂದಲೇ ಕಲಿಯುತ್ತಿದ್ದೆ. ಗಾಡಿಯ ಕೀಲಿ ತೆಗೆದುಕೊಂಡೆ.

ದೊಡ್ಡವ್ವ ನಡುಮನೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಸೊರಗಿದ್ದಳು, ಆದರೆ ಕಣ್ಣು ಮೊದಲಿನಂತೆ ಚೂಪಾಗಿತ್ತು. ಅವ್ವ ಮಂಚದ ಮೇಲೆ ಕೂರದೆ ಕೆಳಗೆ ನೆಲದ ಮೇಲೆ ಕೂತಳು. ನಾನೂ ಬಸುವೂ ಪಡಸಾಲೆಗೆ ಬಂದೆವು. ನಡುವಿನ ಬಾಗಿಲು ತೆರೆದೇ ಇತ್ತು. ಗಿರಿಜಾ ಒಲೆ ಆರಿಸಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

“ಅಕ್ಕಾ, ಅವತ್ತ ಫೋನ್ ಹತ್ತಲಿಲ್ಲ ಅಂದಿದ್ದು ಸುಳ್ಳ. ನಾ ಮಾಡಿರ್ಲಿಲ್ಲ. ನಿನಗ ಆರಾಮಿಲ್ಲದಾಗ ಇದನ್ನ ಹೇಳಿದ್ನಿ. ನಿನಗ ನೆನಪಿಲ್ಲ. ಅದಕ್ಕ ಮತ್ತ ಹೇಳಾಕತ್ತೇನಿ.”

“ಯಾಕ ಮಾಡ್ಲಿಲ್ಲ?”

“ಒಂಬತ್ತ ತಿಂಗಳಾ ನಾ ಗಂಜಿ ಕುಡಸೇನಿ, ಹಾಸಗಿ ತೊಳದೇನಿ. ನೀ ವಾರಕ್ಕೊಮ್ಮೆ ಬಂದ್ರ ಅವ್ವನ ಮಾರಿ ಅರಳ್ತಿತ್ತು. ನನ್ನ ನೋಡಿದ್ರ ಒಂದಿನಾನೂ ಅರಳ್ಲಿಲ್ಲ. ಕಡೀ ದಿನಾ ಆದ್ರೂ ನನ್ನ ಒಬ್ಬಾಕಿ ಕೈಯಾಗ ಇರ್ಲಿ ಅನಿಸ್ತು.”

ದೊಡ್ಡವ್ವ ಶುರುಮಾಡಿದಳು. ಅವಳ ಬೈಗಳ ನಡುವೆ ಬೆಳೆದ ನಾನೂ ಅಂಥದ್ದನ್ನು ಕೇಳಿರಲಿಲ್ಲ. ಹನ್ನೊಂದು ವರ್ಷ ಒಳಗಿಟ್ಟದ್ದೆಲ್ಲ ಬಂತು. ಚಿಕ್ಕಂದಿನಲ್ಲಿ ಅವ್ವ ಹಾಲು ಚೆಲ್ಲಿ ಅಕ್ಕನ ಮೇಲೆ ಹೇಳಿದ್ದರಿಂದ ಹಿಡಿದು ಬಂತು. ಹೊಟ್ಟೆಕಿಚ್ಚಿನಾಕಿ ಎಂದಳು, ಕಳ್ಳಿ ಎಂದಳು, ನನ್ನ ಅವ್ವನ್ನ ನನ್ನ ಕಡಿಂದ ಕದ್ದಿ ಎಂದಳು. ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ ಮುಂದೆ ಹೋದರು. ಬಸು ಒಳಗೆ ಹೋಗಲು ಎದ್ದ. ಗಿರಿಜಾ ಅಲ್ಲಿಂದಲೇ ಕೈಸನ್ನೆ ಮಾಡಿ ತಡೆದಳು. ಅವ್ವ ಒಂದು ಮಾತಿಗೂ ಎದುರಾಡಲಿಲ್ಲ. ಬೈಗಳು ಬೀಳುವಾಗ ಅವಳು ನೆಟ್ಟಗೆ ಕೂತಿದ್ದಳು, ಬಹಳ ದಿನದಿಂದ ಬಾಗಿದ್ದ ಅವಳ ಬೆನ್ನು ಆವತ್ತು ನೇರವಾಗಿತ್ತು.

ದಣಿದು ದೊಡ್ಡವ್ವ ನಿಲ್ಲಿಸಿದಳು. ನೀರು ಕೇಳಿದಳು. ಕುಡಿದು, ತಂಬಿಗೆ ಕೈಯಲ್ಲೇ ಹಿಡಿದುಕೊಂಡು, ಬೇರೆಯದೇ ದನಿಯಲ್ಲಿ ಕೇಳಿದಳು:

“ಅವತ್ತ ಮುಂಜಾನೆ ಏನ್ ತಿಂದ್ಲು ಅವ್ವ?”

“ಎರಡ ಚಮಚೆ ರವಾ ಗಂಜಿ. ಬೆಲ್ಲ ಹೆಚ್ಚಿಗಿ ಹಾಕಂದ್ಲು.”

“ಆಮ್ಯಾಲೆ?”

ಅವ್ವ ಹೇಳುತ್ತ ಹೋದಳು. ಅಜ್ಜಿ ಯಾವ ಮಗ್ಗುಲಿಗೆ ಹೊರಳಿದಳು, ಹತ್ತು ಗಂಟೆಯ ರೈಲಿನ ಸದ್ದು ಕೇಳಿ ಏನಂದಳು, ತಲೆಗೆ ಎಣ್ಣೆ ಹಚ್ಚು ಎಂದದ್ದು, ಹಚ್ಚಿದ ಮೇಲೆ ಯಾಕೆ ಹಚ್ಚಿದಿ ಎಂದು ಬೈದದ್ದು. ನನಗೂ ಇದೊಂದೂ ಗೊತ್ತಿರಲಿಲ್ಲ. ಆ ಇಡೀ ದಿನವನ್ನು ಅವ್ವ ಹನ್ನೊಂದು ವರ್ಷ ಯಾರಿಗೂ ಹೇಳದೆ ತನ್ನ ಬಳಿಯೇ ಇಟ್ಟುಕೊಂಡಿದ್ದಳು.

ಮಧ್ಯಾಹ್ನದವರೆಗೆ ಬಂದು ಅವ್ವ ನಿಂತಳು.

“ಹೇಳು.”

“ಗಂಗಾ ಬಂದ್ಲೇನು ಅಂತ ಕೇಳಿದ್ಲು.”

“ಎಷ್ಟ ಸಲ?” ಎಂದಳು ದೊಡ್ಡವ್ವ.

“ಮೂರ ಸಲ. ಮೂರೂ ಸಲ ನಾ, ಬರಾಕತ್ತಾಳವ್ವಾ, ದಾರ್‍ಯಾಗ ಅದಾಳ ಅಂದ್ನಿ.”

ಇದನ್ನು ಮೊದಲ ಸಲ, ಆ ನಗುಮುಖದ ದೊಡ್ಡವ್ವನ ಎದುರು, ಅವ್ವ ಹೇಳಿರಲಿಲ್ಲ. ತಂಬಿಗೆಯನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. ಇಣುಕಿ ನೋಡಿದೆ. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅವ್ವ ಕಾಯ್ದಳು. ಕಾಯ್ದು ಕಾಯ್ದು, ಇನ್ನು ಏನೂ ಬರುವುದಿಲ್ಲ ಎಂದು ತಿಳಿದು, ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಎದ್ದು ಬಾಗಿಲಿಗೆ ಬಂದಳು. ನಾನು ಚಪ್ಪಲಿ ಮೆಟ್ಟಿದೆ.

“ಎಲ್ಲಿ ಹೊಂಟಿ?” ದೊಡ್ಡವ್ವ ಗೋಡೆಯ ಕಡೆ ನೋಡುತ್ತಲೇ ಕೇಳಿದಳು.

“ಹಾನಗಲ್ಲಿಗೆ.”

“ಹೋಗಬ್ಯಾಡ. ನಾಳೆ ಮತ್ತ ಅವತ್ತಿನ ಮುಂಜಾನಿಂದ ಹೇಳು. ಸಿಟ್ಟಿನ್ಯಾಗ ನನಗ ಅರ್ಧ ಕೇಳಿಸಿಲ್ಲ.”

ಅವ್ವನನ್ನು ಅಲ್ಲಿಯೇ ಬಿಟ್ಟು ಆ ದಿನ ನಾನೊಬ್ಬನೇ ಬಂದೆ.